ಎಳೆಯ ಕ್ಯಾಚರ್ ಪ್ರೊ ಮಟ್ಟಕ್ಕೆ ಹೋಗ್ತಾನಾ? ಬ್ಯಾಕ್‌ಸ್ಟಾಪ್ ಹಿಂದೆ ಕೂತು ಅಳೆಯುವ ವಿಧಾನ

ಒಂಬತ್ತು ಇನ್ನಿಂಗ್ಸ್‌ನ ಬೇಸ್‌ಬಾಲ್ ಪಂದ್ಯದಲ್ಲಿ ಒಬ್ಬ ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಪಿಚರ್ ಎಸೆದ ಬಾಲ್ ಹಿಡಿಯುವವನು, ಸುಮಾರು 140-150 ಎಸೆತಗಳಿಗೆ ಕುಕ್ಕರುಗಾಲಲ್ಲಿ ಕೂರುತ್ತಾನೆ. ಬೇಸ್ ಕದಿಯಲು (ಎಸೆತದ ಹೊತ್ತಲ್ಲೇ ಮುಂದಿನ ಬೇಸ್ ಸೇರಲು) ಓಡುವವನನ್ನು ಹಿಡಿಯಲು ಅವನು ಸೆಕೆಂಡ್ ಬೇಸ್‌ಗೆ ಎಸೆಯುವುದು ಒಂದೋ ಎರಡೋ ಸಲ. ಎಷ್ಟೋ ದಿನ ಅದೂ ಇರುವುದಿಲ್ಲ. ಆದರೆ ಹುಡುಗ ಕ್ಯಾಚರ್ ಬಗ್ಗೆ ಯಾರನ್ನೇ ಕೇಳಿ, ಮೊದಲು ಬರುವ ಮಾತು ಆ ಒಂದು ಎಸೆತದ್ದೇ. "ಪಾಪ್ ಟೈಮ್ ಎಷ್ಟು?" ಅಂತ, ಅಂದರೆ ಆ ಎಸೆತಕ್ಕೆ ಎಷ್ಟು ಸಮಯ ಹಿಡಿಯಿತು ಅಂತ.

ಕೇಳಬಾರದು ಅಂತಲ್ಲ. ಅದನ್ನೂ ಅಳೆಯೋಣ, ಸರಿಯಾಗಿಯೇ ಅಳೆಯೋಣ. ಆದರೆ ನಿಮ್ಮ ಗಮನದ ಬಹುಪಾಲು ಉಳಿದ 140 ಎಸೆತಗಳ ಮೇಲಿರಲಿ. ಹುಡುಗನ ಮುಂದಿನ ದಾರಿ ಗೊತ್ತಾಗುವುದು ಅಲ್ಲೇ.

ಅಮೆರಿಕದಲ್ಲಿರುವ ನಮ್ಮ ಕನ್ನಡದ ಅಪ್ಪ-ಅಮ್ಮಂದಿರಲ್ಲಿ ಕೆಲವರು ಶನಿವಾರ ಬೆಳಿಗ್ಗೆ ಟ್ರಾವೆಲ್ ಬಾಲ್ (ಊರೂರು ತಿರುಗಿ ಆಡುವ ಹುಡುಗರ ಬೇಸ್‌ಬಾಲ್) ಮೈದಾನದ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಈ ಬರಹ ಮುಖ್ಯವಾಗಿ ಅವರಿಗೆ. ಕ್ರಿಕೆಟ್ ನೋಡಿ ಬೆಳೆದವರಿಗೆ ಕ್ಯಾಚರ್ ಅಂದರೆ ವಿಕೆಟ್‌ಕೀಪರ್ ಥರ ಕಾಣುತ್ತಾನೆ, ಅಲ್ವಾ? ಕೈಚಳಕದ ಮಟ್ಟಿಗೆ ಹೌದು. ಆದರೆ ಕೀಪರ್ ಬೌಲರ್‌ಗೆ ಯಾವ ಬಾಲ್ ಹಾಕು ಅಂತ ಪ್ರತಿ ಸಲ ಹೇಳುವುದಿಲ್ಲ. ಕ್ಯಾಚರ್‌ನ ಅರ್ಧ ಕೆಲಸ ಅದೇ.

ಹಂತ 1: ಅಳತೆಗೋಲು ಸರಿ ಮಾಡಿಕೊಳ್ಳಿ

ಪ್ರೊ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಅಂಕ ಕೊಡುವುದು 20ರಿಂದ 80ರವರೆಗೆ. 50 ಅಂದರೆ ಮೇಜರ್ ಲೀಗ್ (ಅಮೆರಿಕದ ಎಲ್ಲಕ್ಕಿಂತ ಮೇಲಿನ ಪ್ರೊ ಲೀಗ್) ಆಟಗಾರರ ಸರಾಸರಿ. ಹೈಸ್ಕೂಲ್ ಸರಾಸರಿ ಅಲ್ಲ, ಕಾಲೇಜಿನದ್ದೂ ಅಲ್ಲ. 60 ಬಂದರೆ ತುಂಬಾ ಒಳ್ಳೆಯದು, 70 ಅಪರೂಪ, 80 ಅಂದರೆ ಒಂದು ತಲೆಮಾರಿಗೆ ಕೆಲವರು.

ಪ್ರತಿ ಕೌಶಲಕ್ಕೂ ಎರಡು ಅಂಕ ಬರೆಯಿರಿ. ಒಂದು ಇವತ್ತಿನದು, ಇನ್ನೊಂದು ಅವನು ಬೆಳೆದ ಮೇಲೆ ಆಗಬಹುದಾದದ್ದು. 16 ವರ್ಷದ ಹುಡುಗನ ಬ್ಯಾಟಿಂಗ್‌ಗೆ ಇವತ್ತು 20 ಅಥವಾ 25 ಕೊಟ್ಟರೆ ಅದು ಅವಮಾನ ಏನಲ್ಲ. ಇವತ್ತೇ ಅವನನ್ನು ಮೇಜರ್ ಲೀಗ್ ಪಿಚರ್ ಎದುರು ನಿಲ್ಲಿಸಿದರೆ ಆಗುವುದು ಅಷ್ಟೇ. ಸ್ವಂತ ಮಗನಿಗೆ ಈ ಅಂಕ ಹಾಕುವುದು ಕಷ್ಟ. ಆಗದಿದ್ದರೆ ಬೇರೆ ತಂಡದ ಕ್ಯಾಚರ್‌ಗೆ ಮೊದಲು ಹಾಕಿ, ಕೈ ಪಳಗಲಿ.

ಇನ್ನೊಂದು ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಹುಡುಗ ಎಡಗೈಯಲ್ಲಿ ಎಸೆಯುವವನಾದರೆ ಕ್ಯಾಚರ್ ಆಗಿ ಪ್ರೊ ಆಡುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನಬಹುದು. ಮೇಜರ್ ಲೀಗ್‌ನಲ್ಲಿ 1989ರಲ್ಲಿ ಬೆನ್ನಿ ಡಿಸ್ಟೆಫಾನೊ ಮೂರು ಪಂದ್ಯಗಳಲ್ಲಿ ಎಡಗೈ ಕ್ಯಾಚರ್ ಆಗಿ ಕೂತದ್ದನ್ನು ಜನ ಈಗಲೂ ಕಥೆ ಥರ ಹೇಳುತ್ತಾರೆ. ಅಂಥ ಹುಡುಗನನ್ನು ಪಿಚಿಂಗ್ ಕಡೆಗೋ ಫಸ್ಟ್ ಬೇಸ್ ಕಡೆಗೋ ಬೇಗ ತಿರುಗಿಸಿ.

ಹಂತ 2: ಸ್ಟಾಪ್‌ವಾಚ್ ಹಿಡಿಯಿರಿ, ಆದರೆ ನಂಬುವ ಮೊದಲು ಯೋಚಿಸಿ

ಪಾಪ್ ಟೈಮ್ ಅಂದರೆ ಬಾಲ್ ಕ್ಯಾಚರ್‌ನ ಮಿಟ್‌ಗೆ (ದಪ್ಪ ಗ್ಲೌಸ್) ಬಡಿದ ಕ್ಷಣದಿಂದ ಸೆಕೆಂಡ್ ಬೇಸ್‌ನಲ್ಲಿ ನಿಂತವನ ಗ್ಲೌಸ್ ಸೇರುವವರೆಗಿನ ಸಮಯ. ದೂರ 127 ಅಡಿ 3 ಇಂಚಿಗೆ ಸ್ವಲ್ಪ ಜಾಸ್ತಿ. ಮೇಜರ್ ಲೀಗ್ ಸರಾಸರಿ ಸುಮಾರು 2.0 ಸೆಕೆಂಡ್. ಜೆ.ಟಿ. ರಿಯಲ್ಮುಟೊ ಥರದವರು 1.9ರ ಆಸುಪಾಸಿನಲ್ಲಿ ಎಸೆದು ಹೆಸರು ಮಾಡಿದ್ದಾರೆ. 0.1 ಸೆಕೆಂಡ್ ಅಷ್ಟೇ ವ್ಯತ್ಯಾಸ ಅನ್ನಿಸಬಹುದು. ಅಷ್ಟರಲ್ಲಿ ರನ್ನರ್ ಎರಡು ಅಡಿಗೂ ಹೆಚ್ಚು ಓಡಿರುತ್ತಾನೆ.

ತೊಂದರೆ ಏನೆಂದರೆ, ಸ್ಟಾಪ್‌ವಾಚ್ ಒತ್ತುವ ನಿಮ್ಮ ಬೆರಳಿನ ತಪ್ಪೂ ಅಷ್ಟೇ ಇರುತ್ತದೆ. ಹಾಗಾಗಿ ಫೋನ್‌ನಲ್ಲಿ ವಿಡಿಯೊ ಮಾಡಿ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಸಿಗುತ್ತವೆ. ಮಿಟ್‌ಗೆ ಬಾಲ್ ತಾಗಿದ ಫ್ರೇಮ್‌ನಿಂದ ಎಣಿಸಿ 480 ಆದರೆ 2.0 ಸೆಕೆಂಡ್. ಮನೆಗೆ ಬಂದು ಆರಾಮವಾಗಿ ಎಣಿಸಬಹುದು.

ಸಮಯವನ್ನು ಎರಡು ತುಂಡು ಮಾಡಿ ನೋಡಿ. ಬಾಲ್ ಮಿಟ್‌ನಿಂದ ಬಲಗೈಗೆ ಬಂದು, ಕೈಯಿಂದ ಹೊರಡುವವರೆಗಿನದು ಒಂದು. ಮೇಜರ್ ಲೀಗ್‌ನಲ್ಲಿ ಇದು 0.7 ಸೆಕೆಂಡ್ ಆಸುಪಾಸು. ಗಾಳಿಯಲ್ಲಿ ಹಾರುವುದು ಇನ್ನೊಂದು. ಗಂಟೆಗೆ 75 ಮೈಲಿ ವೇಗದಲ್ಲಿ 127 ಅಡಿ ಸಾಗಲು ಸುಮಾರು 1.16 ಸೆಕೆಂಡ್ ಬೇಕು, 80 ಮೈಲಿಯಲ್ಲಿ ಸುಮಾರು 1.09. ಗಾಳಿಯ ತಡೆ ಬಿಟ್ಟು ಹಾಕಿದ ಲೆಕ್ಕ ಇದು. ಅಂದರೆ ತೋಳಿನ ವೇಗ 5 ಮೈಲಿ ಏರಿದರೂ ಉಳಿಯುವುದು 0.07 ಸೆಕೆಂಡ್. ಅಷ್ಟೇ ಸಮಯವನ್ನು ಕಾಲಿನ ಹೆಜ್ಜೆ ಸರಿ ಮಾಡಿ ಒಂದು ಚಳಿಗಾಲದಲ್ಲಿ ಉಳಿಸಬಹುದು. 2.1 ಸೆಕೆಂಡ್‌ನ ಹುಡುಗರು ಇಬ್ಬರಿದ್ದಾರೆ ಅನ್ನಿ. ಒಬ್ಬನ ತೋಳು ಬಲವಾಗಿದ್ದು ಹೆಜ್ಜೆ ತಡವರಿಸುತ್ತದೆ. ಇನ್ನೊಬ್ಬನ ಹೆಜ್ಜೆ ಈಗಾಗಲೇ ಚುರುಕು, ತೋಳು ಸಾಧಾರಣ. ನಾನು ಮೊದಲನೆಯವನ ಮೇಲೆ ದುಡ್ಡು ಹಾಕುತ್ತೇನೆ.

ಶೋಕೇಸ್‌ನಲ್ಲಿ (ಸ್ಕೌಟ್‌ಗಳಿಗೆ ಕೌಶಲ ತೋರಿಸುವ ಶಿಬಿರದಲ್ಲಿ) ಬರುವ ಅಂಕಿಗಳ ಬಗ್ಗೆ ಎಚ್ಚರ. ಅಲ್ಲಿ ಬ್ಯಾಟರ್ ಇರುವುದಿಲ್ಲ, ಬಾಲ್ ನೇರವಾಗಿ ಬರುತ್ತದೆ, ಎಸೆಯಬೇಕು ಅಂತ ಹುಡುಗನಿಗೆ ಮೊದಲೇ ಗೊತ್ತು. ಬಾಲ್ ಬರುವ ಮೊದಲೇ ಎದ್ದು ಮುಂದಕ್ಕೆ ಜರುಗುತ್ತಾನೆ. ಅಲ್ಲಿ 1.9 ತೆಗೆದವನು ಪಂದ್ಯದಲ್ಲಿ, ಹೊರಗೆ ತಿರುಗಿದ ಸ್ಲೈಡರ್ ಹಿಡಿದು 2.1 ಎಸೆಯುವುದು ಮಾಮೂಲಿ. ಬಾಲ್ ಎಲ್ಲಿಗೆ ಬಂತು ಅನ್ನುವುದನ್ನೂ ಬರೆದುಕೊಳ್ಳಿ. 1.95 ಸೆಕೆಂಡ್‌ನಲ್ಲಿ ಸೆಂಟರ್ ಫೀಲ್ಡ್‌ಗೆ ಹಾರಿಹೋದ ಎಸೆತಕ್ಕಿಂತ, 2.05ರಲ್ಲಿ ಬೇಸ್‌ನ ಬಲಮೂಲೆಗೆ, ಮೊಣಕಾಲ ಎತ್ತರಕ್ಕೆ ಬಂದದ್ದು ಎಷ್ಟೋ ಮೇಲು. ಇನ್ನು 12 ವರ್ಷದೊಳಗಿನವರ ಲಿಟಲ್ ಲೀಗ್ ಮೈದಾನದಲ್ಲಿ ಬೇಸ್‌ಗಳ ನಡುವೆ 60 ಅಡಿ ಅಷ್ಟೇ. ಆ ಅಂಕಿಯನ್ನು ದೊಡ್ಡ ಮೈದಾನದ್ದರ ಜೊತೆ ಹೋಲಿಸಬೇಡಿ.

ರನ್ನರ್ ಸಿಕ್ಕಲಿಲ್ಲ ಅಂದರೆ ತಪ್ಪು ಯಾವಾಗಲೂ ಕ್ಯಾಚರ್‌ದಲ್ಲ. ಪಿಚರ್ ಕಾಲೆತ್ತಿದ ಕ್ಷಣದಿಂದ ಬಾಲ್ ಮಿಟ್ ಸೇರಲು 1.3 ಸೆಕೆಂಡ್, ಅಲ್ಲಿಂದ 2.0, ಒಟ್ಟು 3.3. ಚುರುಕಿನ ರನ್ನರ್‌ಗೆ ಫಸ್ಟ್ ಬೇಸ್‌ನಿಂದ ಸೆಕೆಂಡ್ ಬೇಸ್ ಸೇರಲು ಬೇಕಾಗುವುದು 3.4ರ ಹತ್ತಿರ. ಪಿಚರ್ 1.5 ತೆಗೆದುಕೊಂಡರೆ ಕ್ಯಾಚರ್ ಏನು ಮಾಡಿದರೂ ಲೆಕ್ಕ ತಪ್ಪುತ್ತದೆ. 2023ರಿಂದ ಮೇಜರ್ ಲೀಗ್‌ನಲ್ಲಿ ಬೇಸ್‌ಗಳ ಅಗಲ 15 ಇಂಚಿನಿಂದ 18ಕ್ಕೆ ಏರಿತು, ಪಿಚರ್ ರನ್ನರ್ ಕಡೆ ತಿರುಗಿ ಎಸೆಯುವುದಕ್ಕೂ ಮಿತಿ ಬಂತು. 2022ರಲ್ಲಿ 2,486 ಇದ್ದ ಸ್ಟೀಲ್‌ಗಳು (ಬೇಸ್ ಕದ್ದ ಲೆಕ್ಕ) 2023ರಲ್ಲಿ 3,503 ಆದವು. ತೋಳಿಗೆ ಮತ್ತೆ ಬೆಲೆ ಬಂತು ಅನ್ನುವುದು ನಿಜ. ಹಾಗಂತ ಬರೀ ತೋಳು ಸಾಲದು.

ಹಂತ 3: ಮಿಟ್ ಕೈಯನ್ನು ಮಾತ್ರ ನೋಡುತ್ತಾ ಎರಡು ಇನ್ನಿಂಗ್ಸ್ ಕೂರಿ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಬ್ಯಾಕ್‌ಸ್ಟಾಪ್ ಜಾಲರಿಯ ಹಿಂದೆ, ಅಂಪೈರ್‌ನ ಬೆನ್ನಿಗೆ ಸ್ವಲ್ಪ ಓರೆಯಾಗಿ ಜಾಗ ಹಿಡಿಯಿರಿ. ಬಾಲ್ ನೋಡಬೇಡಿ, ಬ್ಯಾಟರ್ ನೋಡಬೇಡಿ. ಎಡಗೈ ಮಿಟ್ ಮಾತ್ರ.

ಮೊಣಕಾಲಿನ ಕೆಳ ಅಂಚಿಗೆ ಬರುವ ಎಸೆತಕ್ಕೆ ಕಾಯಿರಿ. ಪಿಚರ್ ಕೈಯಿಂದ ಬಾಲ್ ಹೊರಡುವಾಗ ಒಳ್ಳೆಯ ಹುಡುಗನ ಮಿಟ್ ಸಡಿಲವಾಗಿ ನೆಲದ ಕಡೆ ಇಳಿದಿರುತ್ತದೆ. ಅಲ್ಲಿಂದ ಮೇಲೆ ಬರುತ್ತಾ ಬಾಲ್ ಹಿಡಿಯುತ್ತದೆ. ಹಿಡಿದ ಜಾಗದಲ್ಲೇ ನಿಲ್ಲುತ್ತದೆ, ಅಥವಾ ಒಂದಿಂಚು ಝೋನ್ (ಎಸೆತ ಸ್ಟ್ರೈಕ್ ಅನ್ನಿಸಿಕೊಳ್ಳುವ ಚೌಕ) ಕಡೆಗೆ ಬರುತ್ತದೆ. ಕಲಿಯದ ಹುಡುಗ ಮಿಟ್ ಮೇಲೆ ಹಿಡಿದು ಕಾಯುತ್ತಾನೆ. ಬಾಲ್ ಕೆಳಗೆ ಬಂದಾಗ ಅದರ ಹಿಂದೆ ಓಡುತ್ತಾನೆ. ಬಾಲ್‌ನ ಭಾರಕ್ಕೆ ಮಿಟ್ ಇನ್ನೂ ಕೆಳಗೆ ಹೋಗುತ್ತದೆ. ಸ್ಟ್ರೈಕ್ (ಪಿಚರ್ ಪರ ತೀರ್ಪು) ಆಗಬೇಕಿದ್ದ ಎಸೆತ ಅಂಪೈರ್ ಕಣ್ಣಿಗೆ "ಬಾಲ್" (ಝೋನ್ ಹೊರಗಿನದು) ಆಗಿ ಕಾಣುತ್ತದೆ. ಹಾಗೆ ಆಗದಂತೆ ಮಿಟ್ ಹಿಡಿಯುವುದಕ್ಕೇ ಫ್ರೇಮಿಂಗ್ ಅನ್ನುವುದು. ಅಂಪೈರ್‌ಗೆ ಮೋಸ ಮಾಡುವ ಕಲೆ ಅಂತ ಕೆಲವರು ಬೈಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪಿಚರ್ ಕಷ್ಟಪಟ್ಟು ಸಂಪಾದಿಸಿದ ಸ್ಟ್ರೈಕನ್ನು ಅವನಿಗೆ ಕೊಡಿಸುವುದು ಕ್ಯಾಚರ್ ಕೆಲಸ.

ಮಿಟ್ ಕೈಯ ಮೊಣಕೈ ಬಿಗಿಯಾಗಿ ಮೊಣಕಾಲಿಗೆ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ. ಈಗ ಹೆಚ್ಚಿನ ಕ್ಯಾಚರ್‌ಗಳು ಒಂದು ಮೊಣಕಾಲನ್ನು ನೆಲಕ್ಕೆ ಊರಿ ಕೂರುತ್ತಾರೆ. ಮಿನ್ನೆಸೋಟ ಟ್ವಿನ್ಸ್‌ನಲ್ಲೂ ಆಮೇಲೆ ಯಾಂಕೀಸ್‌ನಲ್ಲೂ ಕೋಚ್ ಆಗಿದ್ದ ಟ್ಯಾನರ್ ಸ್ವಾನ್ಸನ್ ಈ ಭಂಗಿಯನ್ನು ಜನಪ್ರಿಯ ಮಾಡಿದವರಲ್ಲಿ ಮುಖ್ಯರು. ಕೆಳಗಿನ ಎಸೆತ ಹಿಡಿಯಲು ಇದು ಅನುಕೂಲ. ಹಳೇ ಕಾಲದ ಕೋಚ್‌ಗಳು "ಮಂಡಿಯೂರಿ ಸೋಮಾರಿ ಥರ ಕೂತಿದ್ದಾನೆ" ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಮಂಡಿಯೂರಿಯೂ ಅವನು ಎಡಕ್ಕೆ ಬಲಕ್ಕೆ ಚಕ್ಕನೆ ಜರುಗಬಲ್ಲನಾ ಅನ್ನುವುದೇ ಪ್ರಶ್ನೆ.

ಅಂಪೈರ್ ತೀರ್ಪನ್ನು ಪರೀಕ್ಷಿಸುವ ಯಂತ್ರ ಬಂದ ಮೇಲೆ ಫ್ರೇಮಿಂಗ್‌ಗೆ ಬೆಲೆ ಇದೆಯಾ ಅಂತ ಕೇಳುವವರಿದ್ದಾರೆ. ಮೇಜರ್ ಲೀಗ್ 2026ರಿಂದ ಬಾಲ್-ಸ್ಟ್ರೈಕ್ ಚಾಲೆಂಜ್ ಪದ್ಧತಿ ತಂದಿದೆ. ಪ್ರತಿ ತಂಡಕ್ಕೆ ಪಂದ್ಯದ ಆರಂಭದಲ್ಲಿ ಎರಡು ಚಾಲೆಂಜ್. ಗೆದ್ದರೆ ಅದು ಉಳಿಯುತ್ತದೆ. ಕೇಳುವ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್ ಈ ಮೂವರಿಗೆ ಮಾತ್ರ. ತಲೆ ತಟ್ಟಿ ತಕ್ಷಣ ಕೇಳಬೇಕು, ಡಗೌಟ್ ಕಡೆ ನೋಡುವಂತಿಲ್ಲ. ಉಳಿದ ಎಸೆತಗಳಿಗೆಲ್ಲ ತೀರ್ಪು ಕೊಡುವುದು ಈಗಲೂ ಮನುಷ್ಯ ಅಂಪೈರೇ. ಹಾಗಾಗಿ ಫ್ರೇಮಿಂಗ್ ಸತ್ತಿಲ್ಲ. ಅದರ ಜೊತೆಗೆ ಹೊಸದೊಂದು ಗುಣಕ್ಕೆ ಬೆಲೆ ಬಂದಿದೆ: ಝೋನ್ ಎಲ್ಲಿದೆ ಅಂತ ಕ್ಯಾಚರ್‌ಗೆ ಕರಾರುವಾಕ್ಕಾಗಿ ಗೊತ್ತಿರಬೇಕು. ಇದನ್ನು ಪರೀಕ್ಷಿಸುವುದು ಸುಲಭ. ಬುಲ್‌ಪೆನ್‌ನ (ಪಿಚರ್ ಕೈ ಸಜ್ಜು ಮಾಡಿಕೊಳ್ಳುವ ಜಾಗ) ಅಭ್ಯಾಸದ ಎಸೆತಗಳನ್ನು ಹಿಂದಿನಿಂದ ವಿಡಿಯೊ ಮಾಡಿ. ಪ್ರತಿ ಎಸೆತಕ್ಕೂ ಹುಡುಗ "ಸ್ಟ್ರೈಕ್" ಅಥವಾ "ಬಾಲ್" ಅಂತ ಜೋರಾಗಿ ಹೇಳಲಿ. ಆಮೇಲೆ ಕೂತು ತಾಳೆ ನೋಡಿ. ತಪ್ಪಿದವು ಯಾವ ಮೂಲೆಯಲ್ಲಿ ಹೆಚ್ಚು ಅಂತ ಗುರುತು ಹಾಕಿ.

ಹಂತ 4: ನೆಲಕ್ಕೆ ಬಿದ್ದ ಬಾಲ್

ಬ್ಲಾಕಿಂಗ್‌ನಲ್ಲಿ, ಅಂದರೆ ನೆಲಕ್ಕೆ ಬಿದ್ದು ಪುಟಿಯುವ ಎಸೆತವನ್ನು ಮೈಯಿಂದ ತಡೆಯುವಾಗ, ಕ್ಯಾಚರ್ ಬಾಲ್ ಹಿಡಿಯಲು ಹೋಗಬಾರದು. ಅದನ್ನು ತನ್ನ ಮುಂದೆಯೇ ಸಾಯಿಸಬೇಕು. ಗಲ್ಲ ಎದೆಗೆ ಒತ್ತಿರಬೇಕು, ಭುಜ ಮುಂದಕ್ಕೆ ಬಾಗಿರಬೇಕು, ಮಿಟ್ ಕಾಲುಗಳ ನಡುವಿನ ಸಂದಿ ಮುಚ್ಚಿರಬೇಕು. ಎದೆಗೆ ಬಡಿದ ಬಾಲ್ ಒಂದೆರಡು ಅಡಿಯಲ್ಲೇ ಬಿದ್ದರೆ ಭೇಷ್. ಆರೆಂಟು ಅಡಿ ಪಕ್ಕಕ್ಕೆ ಉರುಳಿದರೆ ಮೈ ಗಟ್ಟಿಯಾಗಿ ಸೆಟೆದಿದೆ ಅಂತರ್ಥ.

ನನಗೆ ತುಂಬಾ ಇಷ್ಟವಾದ ಪರೀಕ್ಷೆಯಲ್ಲಿ ಕ್ಯಾಚರ್‌ನನ್ನು ನೋಡುವುದೇ ಬೇಡ, ಪಿಚರ್‌ನನ್ನು ನೋಡಿದರೆ ಸಾಕು. ಥರ್ಡ್ ಬೇಸ್‌ನಲ್ಲಿ ರನ್ನರ್ ಇದ್ದಾನೆ, ಬ್ಯಾಟರ್‌ಗೆ ಎರಡು ಸ್ಟ್ರೈಕ್ ಆಗಿದೆ. ಈಗ ಪಿಚರ್ ಕರ್ವ್‌ಬಾಲನ್ನು ಮಣ್ಣಿಗೆ ಹಾಕುವ ಧೈರ್ಯ ಮಾಡುತ್ತಾನಾ? ಮಾಡಿದರೆ ಕ್ಯಾಚರ್ ಮೇಲೆ ಅವನಿಗೆ ನಂಬಿಕೆ ಇದೆ. ಅದೇ ಬಾಲನ್ನು ಹೆದರಿ ಸೊಂಟದ ಎತ್ತರಕ್ಕೆ ಹಾಕಿ ಹೊಡೆಸಿಕೊಂಡರೆ, ಸ್ಕೋರ್‌ಬುಕ್‌ನಲ್ಲಿ ಕ್ಯಾಚರ್ ಹೆಸರಿಗೆ ಏನೂ ಬರುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಬರಬೇಕು.

ಹಂತ 5: ಮಾತು, ತಲೆ, ಮತ್ತು ಪಂದ್ಯಕ್ಕೆ ಮುಂಚಿನ ಅರ್ಧ ಗಂಟೆ

ಎಷ್ಟೋ ಹೈಸ್ಕೂಲ್, ಕಾಲೇಜು ತಂಡಗಳಲ್ಲಿ ಯಾವ ಎಸೆತ ಅಂತ ನಿರ್ಧರಿಸುವವರು ಡಗೌಟ್‌ನಲ್ಲಿರುವ ಕೋಚ್. ಹಾಗಿರುವಾಗ "ಹುಡುಗ ಆಟ ಚೆನ್ನಾಗಿ ನಡೆಸುತ್ತಾನೆ" ಅಂತ ಬರೆಯಲು ನಿಮಗೆ ಆಧಾರ ಇರುವುದಿಲ್ಲ. ಅದಕ್ಕೆ ಬೇರೆ ಕಡೆ ಹುಡುಕಬೇಕು. ಪಂದ್ಯಕ್ಕೆ ಬೇಗ ಹೋಗಿ, ಬುಲ್‌ಪೆನ್ ಪಕ್ಕ ನಿಲ್ಲಿ. ಪಿಚರ್‌ನ ಇವತ್ತಿನ ಸ್ಲೈಡರ್ ಕೆಲಸ ಮಾಡುತ್ತಿಲ್ಲ ಅಂತ ಇವನಿಗೆ ಗೊತ್ತಾಯಿತಾ? ಏನಾದರೂ ಹೇಳಿದನಾ, ಸುಮ್ನೆ ಬಾಲ್ ವಾಪಸ್ ಎಸೆದನಾ? ಇನ್ನಿಂಗ್ಸ್ ಮುಗಿದಾಗ ಪಿಚರ್ ಪಕ್ಕ ಹೋಗಿ ಕೂರುತ್ತಾನಾ, ಫೋನ್ ತೆಗೆಯುತ್ತಾನಾ?

ಸಾಧ್ಯವಾದರೆ ಹುಡುಗನನ್ನೇ ಕೇಳಿ: "ಮೂರನೇ ಇನ್ನಿಂಗ್ಸ್‌ನಲ್ಲಿ ಅವರ ನಾಲ್ಕನೇ ಬ್ಯಾಟರ್‌ಗೆ ಏನು ಹಾಕಿದಿರಿ?" ಒಳ್ಳೆಯ ಕ್ಯಾಚರ್ ಆ ಸರದಿಯ ಎಸೆತಗಳನ್ನು ಒಂದೊಂದಾಗಿ ಹೇಳುತ್ತಾನೆ. ಇದನ್ನು ಕಲಿಸಬಹುದು ಅನ್ನುವವರಿದ್ದಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಬಾಲ್ ಬಿಟ್ಟು ರನ್ ಹೋದ ಮೇಲಿನ ಎರಡು ನಿಮಿಷ ತುಂಬಾ ಹೇಳುತ್ತವೆ. ಪಿಚರ್ ಕಡೆ ಕೈ ಚೆಲ್ಲಿ "ನಿನ್ನದೇ ತಪ್ಪು" ಅನ್ನುವ ಹಾಗೆ ನಿಲ್ಲುವವನಿಗೆ ಅಂಕ ಕಡಿಮೆ ಮಾಡಿ. ಇನ್ನೊಂದು ಗುಣವನ್ನು ನಮ್ಮವರು ಮರೆಯುವುದೇ ಜಾಸ್ತಿ: ಸ್ಪ್ಯಾನಿಷ್. ಪ್ರೊ ತಂಡಗಳ ಪಿಚರ್‌ಗಳಲ್ಲಿ ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾದ ಹುಡುಗರು ತುಂಬಾ ಇರುತ್ತಾರೆ. ಶಾಲೆಯಲ್ಲಿ ಭಾಷೆ ಆರಿಸುವಾಗ ಕ್ಯಾಚರ್ ಹುಡುಗನಿಗೆ ಬೇರೆ ಯೋಚನೆಯೇ ಬೇಡ.

ಹಂತ 6: ಬ್ಯಾಟ್

ಕ್ಯಾಚರ್‌ಗಳಿಂದ ಯಾರೂ ಫಸ್ಟ್ ಬೇಸ್‌ಮನ್ ಥರದ ಬ್ಯಾಟಿಂಗ್ ನಿರೀಕ್ಷಿಸುವುದಿಲ್ಲ. ಕ್ಯಾಚಿಂಗ್ 55-60 ಇದ್ದು ಬ್ಯಾಟಿಂಗ್ 45 ಆದರೂ ಮೇಜರ್ ಲೀಗ್‌ನಲ್ಲಿ ದಿನಾ ಆಡಬಹುದು. ಬ್ಯಾಟಿಂಗ್ 40 ಆದರೆ ಎರಡನೇ ಕ್ಯಾಚರ್. ಅದೂ ಸಣ್ಣ ಕೆಲಸ ಏನಲ್ಲ. 30 ತಂಡ, ತಂಡಕ್ಕೆ ಸಾಮಾನ್ಯವಾಗಿ ಇಬ್ಬರು, ಒಟ್ಟು 60ರಷ್ಟು ಜಾಗ. 2026ರಲ್ಲಿ ಮೇಜರ್ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 7,80,000 ಡಾಲರ್.

ಇನ್ನು ಕ್ಯಾಚರ್ ಹೊಡೆಯುವವನೂ ಆದರೆ ಕಥೆಯೇ ಬೇರೆ. ಸಿಯಾಟಲ್‌ನ ಕ್ಯಾಲ್ ರಾಲಿ 2025ರಲ್ಲಿ 60 ಹೋಮ್ ರನ್ ಹೊಡೆದ. 2018ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪದ್ಧತಿ) ಅವನನ್ನು ಆರಿಸಿದ್ದು ಮೂರನೇ ಸುತ್ತಿನಲ್ಲಿ.

ಹುಡುಗನಲ್ಲಿ ನೋಡಬೇಕಾದದ್ದು: ಮರದ ಬ್ಯಾಟ್‌ನಲ್ಲಿ ಹೊಡೆತ ಹೇಗಿದೆ, ಲೋಹದ ಬ್ಯಾಟ್ ತಪ್ಪುಗಳನ್ನು ಮುಚ್ಚಿಡುತ್ತದೆ. ತಿರುಗುವ ಎಸೆತ ನೆಲದತ್ತ ಹೋಗುವಾಗ ಬ್ಯಾಟ್ ತಡೆದುಕೊಳ್ಳುತ್ತಾನಾ? ಟೂರ್ನಮೆಂಟ್‌ನ ಭಾನುವಾರದ ಕೊನೆಯ ಪಂದ್ಯದಲ್ಲಿ, ಕಾಲು ಸೋತಿರುವಾಗ, ಅವನ ಸ್ವಿಂಗ್ ಶನಿವಾರದ ಹಾಗೇ ಇದೆಯಾ? ಈ ಕೊನೆಯದನ್ನು ಶೋಕೇಸ್‌ನಲ್ಲಿ ಯಾರೂ ಅಳೆಯುವುದಿಲ್ಲ.

ಹಂತ 7: ಮೈಕಟ್ಟು ಮತ್ತು ವಯಸ್ಸು

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಜೋ ಮಾವರ್ 6 ಅಡಿ 5 ಇಂಚು, ಅಲೆಹಾಂಡ್ರೊ ಕರ್ಕ್ 5 ಅಡಿ 8 ಇಂಚು, ದಪ್ಪಗಿನ ಮೈ. ಇಬ್ಬರೂ ದೊಡ್ಡ ಕ್ಯಾಚರ್‌ಗಳೇ. ಸೊಂಟ, ಕಣಕಾಲು ಸುಲಭವಾಗಿ ಬಾಗುತ್ತವಾ ನೋಡಿ, ಸಾಕು.

ಆರೋಗ್ಯ ಮಾತ್ರ ಮರೆಯಬೇಡಿ. ಮಾವರ್‌ಗೆ 2013ರಲ್ಲಿ ಮುಖಕವಚಕ್ಕೆ ಬಾಲ್ ಬಡಿದು ಮಿದುಳಿಗೆ ಪೆಟ್ಟಾಯಿತು, ಅಲ್ಲಿಗೆ ಕ್ಯಾಚಿಂಗ್ ಮುಗಿದು ಫಸ್ಟ್ ಬೇಸ್‌ಗೆ ಹೋದ. ಹುಡುಗ ಒಂದೇ ದಿನ ಕ್ಯಾಚಿಂಗ್ ಮತ್ತು ಪಿಚಿಂಗ್ ಎರಡೂ ಮಾಡುತ್ತಿದ್ದರೆ ತಡೆಯಿರಿ. ನಾಲ್ಕು ಇನ್ನಿಂಗ್ಸ್ ಕ್ಯಾಚರ್ ಆದವನು ಅದೇ ದಿನ ಪಿಚ್ ಮಾಡುವಂತಿಲ್ಲ ಅಂತ ಲಿಟಲ್ ಲೀಗ್‌ನಲ್ಲಿ ನಿಯಮವೇ ಇದೆ. ಖಾಸಗಿ ಟೂರ್ನಮೆಂಟ್‌ಗಳಲ್ಲಿ ಇದನ್ನು ಕೇಳುವವರಿಲ್ಲ. ಅಲ್ಲಿ ಲೆಕ್ಕ ಇಡಬೇಕಾದವರು ನೀವೇ.

ಹಂತ 8: ದಾರಿಯ ಲೆಕ್ಕ

ಹೈಸ್ಕೂಲ್ ಕ್ಯಾಚರ್‌ಗಳನ್ನು ಮೊದಲ ಸುತ್ತುಗಳಲ್ಲಿ ಆರಿಸಲು ತಂಡಗಳು ಹಿಂದೆಮುಂದೆ ನೋಡುತ್ತವೆ. ಕಲಿಯಬೇಕಾದದ್ದು ಜಾಸ್ತಿ, ಪೆಟ್ಟಾಗುವುದೂ ಜಾಸ್ತಿ. ಮಾವರ್ 2001ರಲ್ಲಿ ಹೈಸ್ಕೂಲ್‌ನಿಂದ ನೇರವಾಗಿ ಮೊದಲನೆಯವನಾಗಿ ಆಯ್ಕೆಯಾದ, ಆಮೇಲೆ ಹಾಲ್ ಆಫ್ ಫೇಮ್‌ಗೂ ಹೋದ. ಅಂಥವರು ಕಡಿಮೆ. ಆಡ್ಲಿ ರಟ್ಶ್‌ಮನ್‌ನನ್ನು 2016ರಲ್ಲಿ ಹೈಸ್ಕೂಲ್ ಮುಗಿದಾಗ ಸಿಯಾಟಲ್ ಆರಿಸಿದ್ದು 40ನೇ ಸುತ್ತಿನಲ್ಲಿ. ಅವನು ಆರೆಗಾನ್ ಸ್ಟೇಟ್‌ಗೆ ಓದಲು ಹೋದ. 2019ರಲ್ಲಿ ಇಡೀ ಡ್ರಾಫ್ಟ್‌ಗೆ ಮೊದಲನೆಯವನಾದ. ಮೈಕ್ ಪಿಯಾಝಾ 1988ರಲ್ಲಿ 62ನೇ ಸುತ್ತಿನವನು, ಕ್ಯಾಚರ್ ಆದದ್ದೇ ಆಮೇಲೆ. ಈಗ ಡ್ರಾಫ್ಟ್‌ನಲ್ಲಿ ಇರುವುದೇ 20 ಸುತ್ತು.

ಹಾಗಾಗಿ ನನ್ನ ಸಲಹೆ ನೇರ: ಮೊದಲ ಎರಡು ಮೂರು ಸುತ್ತಿನ ದೊಡ್ಡ ಮೊತ್ತ ಸಿಗದಿದ್ದರೆ ಕ್ಯಾಚರ್ ಹುಡುಗ ಕಾಲೇಜಿಗೆ ಹೋಗಲಿ. ಮೈನರ್ ಲೀಗ್‌ನ ತೀರಾ ಕೆಳಹಂತದಲ್ಲಿ 2023ರ ಒಪ್ಪಂದ ಬಂದ ಮೇಲೂ ಸಂಬಳ ವರ್ಷಕ್ಕೆ 20,000 ಡಾಲರ್‌ಗಿಂತ ಕೆಳಗಿತ್ತು. ಸೇರುವಾಗ ಸಿಗುವ ಬೋನಸ್ ಮುಖ್ಯವಾಗುವುದು ಅದಕ್ಕೇ.

ಕ್ಯಾಚರ್ ಆಗಿಯೇ ಮುಂದುವರಿಯಬೇಕು ಅಂತ ಹಟ ಬೇಡ. ಬ್ರೈಸ್ ಹಾರ್ಪರ್ ಹುಡುಗನಾಗಿದ್ದಾಗ ಕ್ಯಾಚರ್. ಅವನ ಬ್ಯಾಟ್ ಬೇಗ ಮೇಲೆ ಬರಲಿ ಅಂತ ಔಟ್‌ಫೀಲ್ಡ್‌ಗೆ ಕಳಿಸಿದರು. ಕುರಸಾವ್‌ನ ಕೆನ್ಲಿ ಜಾನ್ಸೆನ್‌ಗೆ ಹೊಡೆಯಲು ಬರುತ್ತಿರಲಿಲ್ಲ, ತೋಳು ಮಾತ್ರ ಭರ್ಜರಿ. 2009ರಲ್ಲಿ ಅವನನ್ನು ಪಿಚರ್ ಮಾಡಿದರು, ದೊಡ್ಡ ಕ್ಲೋಸರ್ (ಪಂದ್ಯದ ಕೊನೆಗೆ ಬಂದು ಮುಗಿಸುವ ಪಿಚರ್) ಆದ. ಅಂದ ಹಾಗೆ, ಭಾರತೀಯ ಮೂಲದ ಮನೆಯ ಹುಡುಗರಿಗೆ ಬಾಗಿಲು ಮುಚ್ಚಿದೆ ಅನ್ನುವ ಮಾತೂ ಈಗ ನಡೆಯುವುದಿಲ್ಲ. 2023ರಲ್ಲಿ ಅರ್ಜುನ್ ನಿಮ್ಮಲ ಅನ್ನುವ ಶಾರ್ಟ್‌ಸ್ಟಾಪ್‌ನನ್ನು ಟೊರಾಂಟೊ ಮೊದಲ ಸುತ್ತಿನಲ್ಲೇ ಆರಿಸಿತು.

ಹಂತ 9: ವರದಿ ಬರೆಯಿರಿ

ಒಂದೇ ಪಂದ್ಯ ನೋಡಿ ಬರೆಯಬೇಡಿ. ಕನಿಷ್ಠ ಮೂರು ಬೇರೆ ಬೇರೆ ಪಿಚರ್‌ಗಳಿಗೆ ಅವನು ಕೂತದ್ದನ್ನು ನೋಡಿರಬೇಕು. ಅದರಲ್ಲಿ ಒಬ್ಬನಾದರೂ ಬಾಲ್ ಎಲ್ಲಿ ಹೋಗುತ್ತದೆ ಅಂತ ತನಗೇ ಗೊತ್ತಿಲ್ಲದವನಾಗಿರಲಿ.

ಬರೆಯುವ ರೀತಿ ಹೀಗಿರಬಹುದು (ಹುಡುಗ ಕಲ್ಪಿತ):

"17 ವರ್ಷ, ಬಲಗೈ ಎಸೆತ, ಎಡಗೈ ಬ್ಯಾಟ್. ತೋಳು 50, ಮುಂದೆ 55. ಪಂದ್ಯದಲ್ಲಿ ಪಾಪ್ ಟೈಮ್ 2.03ರಿಂದ 2.12, ಮೂರರಲ್ಲಿ ಎರಡು ಬೇಸ್ ಮೇಲೆ. ಹಿಡಿತ 40, ಮುಂದೆ 55: ಕೆಳಗಿನ ಎಸೆತಕ್ಕೆ ಮಿಟ್ ಚೆನ್ನಾಗಿ ಏಳುತ್ತದೆ, ಬಲಗಡೆ ಅಂಚಿನಲ್ಲಿ ಹೊರಕ್ಕೆ ಜಾರುತ್ತದೆ. ಬ್ಲಾಕಿಂಗ್ 40, ಮುಂದೆ 50. ಬ್ಯಾಟ್ 20, ಮುಂದೆ 40, ಚೇಂಜ್‌ಅಪ್ (ವೇಗ ತಗ್ಗಿಸಿ ಮೋಸಗೊಳಿಸುವ ಎಸೆತ) ಗುರುತಿಸುವುದಿಲ್ಲ. ಪಿಚರ್ ಇವನಿಗೆ ಭಯವಿಲ್ಲದೆ ಮಣ್ಣಿಗೆ ಹಾಕುತ್ತಾನೆ. ಎರಡನೇ ಕ್ಯಾಚರ್ ಆಗಬಲ್ಲ, ಬ್ಯಾಟ್ ಬಂದರೆ ಇನ್ನೂ ಮೇಲೆ. ಕಾಲೇಜು."

ಕೊನೆಯ ಸಾಲಿನಲ್ಲಿ ನೀವು ಮುಂದಿನ ಸಲ ಯಾವುದನ್ನು ನೋಡಲು ಹೋಗುತ್ತೀರಿ ಅಂತ ಬರೆಯಿರಿ. ಈ ಹುಡುಗನದ್ದಾದರೆ: ಬಲ ಅಂಚಿನ ಮಿಟ್, ಚೇಂಜ್‌ಅಪ್‌ಗೆ ಸ್ವಿಂಗ್. ಆರು ತಿಂಗಳು ಬಿಟ್ಟು ಹೋಗಿ, ಹಳೇ ಅಂಕಗಳನ್ನು ನೋಡದೆ ಹೊಸದಾಗಿ ಹಾಕಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ.